ಬೆಳ್ಳಿಯ ಮೇಲಿನ ಠಸ್ಸೆ



ಮನೆಯ ಹಳೆಯ ಬೆಳ್ಳಿ ಸಾಮಾನನ್ನು ಸರಾಫರ ಅಂಗಡಿಗೆ ಒಯ್ಯುತ್ತೀರಿ. ಅವರು ತಕ್ಕಡಿಗೆ ಹಾಕುತ್ತಾರೆ. ಇಷ್ಟು ತೂಕ, ಇಷ್ಟು ಬೆರಕೆ, ಕಳೆದು ಉಳಿದದ್ದು ಇಷ್ಟು ರೂಪಾಯಿ ಅನ್ನುತ್ತಾರೆ. ಸಂಜೆಯೊಳಗೆ ಅದು ಮೂಸೆಯಲ್ಲಿ ಕರಗಿರುತ್ತದೆ. ತೂಕದ ಲೆಕ್ಕದಲ್ಲಿ ಯಾರಿಗೂ ಮೋಸವಾಗಿಲ್ಲ. ಆದರೆ ಆ ಸಾಮಾನಿನ ಬೆನ್ನಿನ ಮೇಲೆ ಜೋಳದ ಕಾಳಿನಷ್ಟು ಗಾತ್ರದ ಕೆಲವು ಠಸ್ಸೆಗಳಿದ್ದವು. ಅವನ್ನು ಯಾರೂ ಓದಲಿಲ್ಲ. ಅದನ್ನು ಮಾಡಿದ ಊರು, ಮಾಡಿದ ವರ್ಷ, ಮಾಡಿದ ಕೈ, ಎಲ್ಲವೂ ಅಲ್ಲೇ ಬರೆದಿತ್ತು.

ಇಂದು ಆ ಠಸ್ಸೆಗಳನ್ನು ಓದುವುದು ಹೇಗೆ ಎಂದು ಹೇಳುತ್ತೇನೆ. ಮುಖ್ಯವಾಗಿ ಯುರೋಪಿನ ಬೆಳ್ಳಿಯ ಠಸ್ಸೆ.

ಗದಗ ಸೀಮೆಯ ನಮ್ಮ ಈ ಸೊರಟೂರಿಗೂ ಯುರೋಪಿನ ಬೆಳ್ಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಅದರ ಮುಖ್ಯ ಕಚೇರಿ ನಮ್ಮ ಧಾರವಾಡದಲ್ಲೇ ಇತ್ತು. ಈಗ ಕರ್ನಾಟಕ ಕಾಲೇಜು ನಡೆಯುವ ಕಟ್ಟಡವೇ ಆ ಕಚೇರಿ. 1884ರ ಹೊತ್ತಿಗೆ ಗದಗಕ್ಕೆ ರೈಲು ಬಂತು. ರೈಲಿನ ಹಿಂದೆ ಹತ್ತಿಯ ವ್ಯಾಪಾರ ಬೆಳೆಯಿತು. ಅದಕ್ಕೂ ಮೊದಲೇ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ನೆಲೆಸಿದ್ದರು. ಇಂಜಿನಿಯರರು ಬಂದರು, ಹತ್ತಿ ಕೊಳ್ಳುವವರು ಬಂದರು, ಕಲೆಕ್ಟರರು ಬಂದರು. ಬಂದವರ ಜೇಬಿನಲ್ಲಿ ಗಡಿಯಾರ ಇತ್ತು, ಊಟದ ಮೇಜಿನ ಮೇಲೆ ಬೆಳ್ಳಿ ಚಮಚ ಇತ್ತು. ಇಂಥವು ಕಾಣಿಕೆಯಾಗಿ, ಲಿಲಾವಿನಲ್ಲಿ ಕೊಂಡದ್ದಾಗಿ, ವಾಡೆಗಳಿಗೂ ಗೌಡರ, ಕುಲಕರ್ಣಿಯರ ಮನೆಗಳಿಗೂ ಸೇರಿದ್ದುಂಟು.

ಲೋಹದ ಮೇಲೆ ಠಸ್ಸೆ ಹೊಡೆಯುವುದು ಈ ಸೀಮೆಗೆ ಹೊಸದೂ ಅಲ್ಲ. ಸೊರಟೂರಿನಿಂದ ಲಕ್ಕುಂಡಿ ದೂರವಿಲ್ಲ. ಅಂದಿನ ಲೊಕ್ಕಿಗುಂಡಿಯಲ್ಲಿ ಟಂಕಸಾಲೆ ಇತ್ತು. ಅಲ್ಲಿಯ ಬಂಗಾರದ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂದೇ ಹೆಸರು. ಶಾಸನಗಳಲ್ಲಿ ದಾನ ಕೊಡುವವರು ಇಂಥ ಟಂಕಸಾಲೆಯ ಗದ್ಯಾಣ ಎಂದು ಹೆಸರಿಸಿ ಬರೆಸುತ್ತಿದ್ದರು. ಯಾಕೆ? ಟಂಕಸಾಲೆಯ ಹೆಸರೇ ಶುದ್ಧತೆಗೆ ಜಾಮೀನು. 12ನೆಯ ಶತಮಾನದ ಕೊನೆಗೆ ಹೊಯ್ಸಳ ಬಲ್ಲಾಳನೂ ಸೇವುಣರ ಭಿಲ್ಲಮನೂ ಇದೇ ಸೊರಟೂರಿನ ಬಯಲಿನಲ್ಲಿ ಕಾದಾಡಿದರು. ಆಗಲೇ ಈ ನೆಲದಲ್ಲಿ ಮುದ್ರೆಯನ್ನು ನೋಡಿ ಲೋಹವನ್ನು ನಂಬುವ ರೂಢಿ ಹಳೆಯದಾಗಿತ್ತು.

ಇನ್ನೂ ಹತ್ತಿರದ ಉದಾಹರಣೆ ಕೊಡುತ್ತೇನೆ. ರಾಣಿ ಛಾಪಿನ ರೂಪಾಯಿ. ನಿಮ್ಮಲ್ಲಿ ಅನೇಕರ ದೇವರ ಜಗಲಿಯ ಮೇಲೆ, ಲಕ್ಷ್ಮೀ ಪೂಜೆಯ ತಟ್ಟೆಯಲ್ಲಿ ಅದು ಇದ್ದೀತು. ಅದರ ತೂಕ ಒಂದು ತೊಲ, ಅಂದರೆ ಹನ್ನೊಂದೂವರೆ ಗ್ರಾಮಿಗಿಂತ ತುಸು ಹೆಚ್ಚು. ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ವಿಕ್ಟೋರಿಯಾ ರಾಣಿಯ ರೂಪಾಯಿಗಳಲ್ಲಿ 1862 ಎಂಬ ಇಸವಿ ಬಹಳ ಸಿಗುತ್ತದೆ. ಅವೆಲ್ಲ ಆ ಒಂದೇ ವರ್ಷದಲ್ಲಿ ಅಚ್ಚಾದವಲ್ಲ. 1862ರ ಇಸವಿಯನ್ನು ಬದಲಿಸದೆ 1874ರ ವರೆಗೂ ಟಂಕಿಸುತ್ತಲೇ ಹೋದರು. ಮುಂಬಯಿ ಟಂಕಸಾಲೆಯವರು ಇಸವಿಯ ಕೆಳಗೆ ಪುಟ್ಟ ಚುಕ್ಕೆಗಳನ್ನಿಟ್ಟರು. ವರ್ಷ ಕಳೆದಂತೆ ಚುಕ್ಕೆ ಹೆಚ್ಚಿದವು. ಕಣ್ಣಿಗೆ ಕಾಣುವ ಇಸವಿ ಒಂದು, ಚುಕ್ಕೆ ಹೇಳುವ ಕಾಲ ಇನ್ನೊಂದು.

1877ರಿಂದ ರಾಣಿ ಎಂಬಲ್ಲಿ ಚಕ್ರವರ್ತಿನಿ ಎಂದು ಬರೆದರು. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್ಲು. ಗಾತ್ರ ನೋಡಿ ಎಲ್ಲವೂ ಒಂದೇ ಎಂದು ತಿಳಿಯಬೇಡಿ. ಇಸವಿ ನೋಡಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಠಸ್ಸೆ ಎಂದರೆ ಜಾಮೀನು. ಅದನ್ನು ಓದುವ ಅಭ್ಯಾಸ ನಮ್ಮಲ್ಲಿಯೂ ಇತ್ತು. ಇನ್ನು ಇಂಗ್ಲೆಂಡಿಗೆ ಹೋಗೋಣ. ಯುರೋಪಿನ ದೇಶಗಳಲ್ಲೆಲ್ಲ ಅತಿ ಸ್ಪಷ್ಟವಾಗಿ ಓದಲು ಬರುವುದು ಇಂಗ್ಲಿಷ್ ಬೆಳ್ಳಿ.

ಲಂಡನ್ನಿನ ಒಂದು ಹಳೆಯ ಚಮಚ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಅದನ್ನು ಬೋರಲು ಹಾಕಿ. ಹಿಡಿಯ ಬೆನ್ನ ಮೇಲೆ ಸಾಲಾಗಿ ನಾಲ್ಕೋ ಐದೋ ಗುರುತು ಕಾಣುತ್ತವೆ. ಒಂದು, ನಡೆಯುತ್ತಿರುವ ಸಿಂಹ. ಮುಂದಿನ ಒಂದು ಕಾಲು ಮೇಲೆತ್ತಿರುತ್ತದೆ. ಇದು ಶುದ್ಧತೆಯ ಗುರುತು. ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ ಎಂದು ಅದರ ಅರ್ಥ. ಇನ್ನೊಂದು, ಎದುರಿಗೆ ನೋಡುವ ಚಿರತೆಯ ಮುಖ. ಇದು ಲಂಡನ್ ಊರಿನ ಗುರುತು. ಮೂರನೆಯದು ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ. ಇದು ವರ್ಷದ ಗುರುತು. ನಾಲ್ಕನೆಯದು ಎರಡು ಅಕ್ಷರದ ಒಂದು ಚಿಕ್ಕ ಮುದ್ರೆ. ಇದು ಮಾಡಿದ ಅಕ್ಕಸಾಲಿಯ ಹೆಸರಿನ ಮೊದಲಕ್ಷರಗಳು. ಕೆಲವದರ ಮೇಲೆ ಐದನೆಯದೊಂದು ಇರುತ್ತದೆ, ರಾಜನ ಅಥವಾ ರಾಣಿಯ ತಲೆ.

ಈ ಗುರುತುಗಳು ಒಂದೇ ದಿನ ಬಂದವಲ್ಲ. ಚಿರತೆಯ ಮುಖ 1300ರಲ್ಲಿ ಬಂತು. ಮಾಡಿದವನ ಗುರುತು 1363ರಲ್ಲಿ. ವರ್ಷದ ಅಕ್ಷರ 1478ರಲ್ಲಿ. ಸಿಂಹ 1544ರಲ್ಲಿ. ಇದರಲ್ಲಿ ವರ್ಷದ ಅಕ್ಷರದ ಕಥೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದನ್ನು ಕೊಳ್ಳುವವರ ಅನುಕೂಲಕ್ಕೆ ಹಾಕಿದ್ದಲ್ಲ. ಬೆಳ್ಳಿಯನ್ನು ಪರೀಕ್ಷಿಸುವ ಅಧಿಕಾರಿಯನ್ನು ಹೊಣೆ ಹಿಡಿಯಲು ಹಾಕಿದ್ದು. ಬೆಳ್ಳಿಯಲ್ಲಿ ಬೆರಕೆ ಸಿಕ್ಕಿತು ಎನ್ನಿ. ಆ ವರ್ಷ ಪರೀಕ್ಷೆಗೆ ಕೂತಿದ್ದವನು ಯಾರು ಎಂದು ಅಕ್ಷರ ತೋರಿಸುತ್ತಿತ್ತು. ನಾನು ಮಾಡಿಲ್ಲ, ನನಗಿಂತ ಹಿಂದಿನವನು ಮಾಡಿದ್ದು ಎಂದು ಜಾರಿಕೊಳ್ಳಲು ದಾರಿ ಇರಲಿಲ್ಲ. ಐನೂರು ವರ್ಷ ಕಳೆದ ಮೇಲೆ ಅದೇ ಅಕ್ಷರ ನಮಗೆ ಕಾಲವನ್ನು ಹೇಳುತ್ತಿದೆ.

ಈಗ ಆ ಅಕ್ಷರವನ್ನು ಓದೋಣ. ಸ್ವಲ್ಪ ನಿಧಾನವಾಗಿ ಕೇಳಿ. ಲಂಡನ್ನಿನವರು ವರ್ಷಕ್ಕೊಂದು ಅಕ್ಷರದಂತೆ 20 ಅಕ್ಷರ ಬಳಸುತ್ತಿದ್ದರು. 20 ವರ್ಷ ಮುಗಿದ ಮೇಲೆ ಮತ್ತೆ ‘ಎ’ಯಿಂದ ಆರಂಭ. ಪ್ರತಿ ಸುತ್ತಿಗೂ ಅಕ್ಷರದ ಬರವಣಿಗೆ ಬದಲು, ಸುತ್ತಲಿನ ಚೌಕಟ್ಟಿನ ಆಕಾರವೂ ಬದಲು. ಆದರೂ ತೊಡಕು ಇದ್ದೇ ಇದೆ. ಸಾಮಾನ್ಯ ಬರವಣಿಗೆಯ ಸಣ್ಣ ‘ಎ’ ಅಕ್ಷರ 1776ರಲ್ಲಿ ಬಂದಿದೆ, 1816ರಲ್ಲಿ ಬಂದಿದೆ, 1896ರಲ್ಲಿಯೂ ಬಂದಿದೆ. ಚೌಕಟ್ಟು ಸವೆದುಹೋಗಿದ್ದರೆ ಮೂರರಲ್ಲಿ ಯಾವುದು?

ಇಲ್ಲಿ ಉಳಿದ ಠಸ್ಸೆಗಳನ್ನು ಕೇಳಬೇಕು. ರಾಜನ ತಲೆ ಇದೆಯೇ ನೋಡಿ. ಇಂಗ್ಲೆಂಡಿನ ಸರಕಾರ 1784ರಲ್ಲಿ ಬೆಳ್ಳಿ ಸಾಮಾನಿಗೆ ಸುಂಕ ಹಾಕಿತು. ಸುಂಕ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ರಾಜನ ತಲೆ ಒತ್ತಿದರು. 1890ರಲ್ಲಿ ಸುಂಕ ರದ್ದಾಯಿತು, ತಲೆಯೂ ಹೋಯಿತು. ನಿಮ್ಮ ಚಮಚದ ಮೇಲೆ ತಲೆ ಇದ್ದರೆ 1776 ಆಗಲಾರದು, 1896ಕ್ಕೂ ಹೊಂದದು. ಅದು 1816.

ತಲೆ ಇಲ್ಲ ಎನ್ನೋಣ. ಆಗ ಉಳಿದದ್ದು ಎರಡು, 1776 ಮತ್ತು 1896. ಈಗ ಚಿರತೆಯ ಮುಖ ನೋಡಿ. 1821ರ ವರೆಗೆ ಅದರ ತಲೆಯ ಮೇಲೆ ಕಿರೀಟ ಇತ್ತು. ಆ ವರ್ಷ ತೆಗೆದರು. ಈ ಎರಡರಲ್ಲಿ, ಕಿರೀಟ ಇದ್ದರೆ 1776. ಬರಿತಲೆಯಾದರೆ 1896. ಸಿಂಹವೂ ಇದಕ್ಕೆ ಸಾಕ್ಷಿ ಹೇಳುತ್ತದೆ. 1821ಕ್ಕೆ ಮೊದಲು ಅದು ಕತ್ತು ತಿರುಗಿಸಿ ನಿಮ್ಮನ್ನು ನೋಡುತ್ತಿತ್ತು. ಆಮೇಲೆ ತಾನು ನಡೆಯುವ ದಿಕ್ಕಿಗೇ ನೋಡುತ್ತದೆ.

ಒಂದು ಮಾತು ನೆನಪಿಡಿ. ಅಕ್ಷರ ಬದಲಾಗುತ್ತಿದ್ದದ್ದು ಜನವರಿಗಲ್ಲ, ಮೇ ತಿಂಗಳಿಗೆ. ಹಾಗಾಗಿ 1816ರ ಚಮಚ 1817ರ ಏಪ್ರಿಲಿನಲ್ಲಿ ಠಸ್ಸೆ ಕಂಡದ್ದೂ ಆಗಿರಬಹುದು. 1975ರಿಂದ ಮಾತ್ರ ಅಕ್ಷರ ಜನವರಿಗೆ ಬದಲಾಗುತ್ತ ಬಂದಿದೆ.

ಒಂಟಿ ಠಸ್ಸೆಯ ಮಾತು ಕೇಳಬಾರದು ಎಂದು ನಾನು ಹೇಳುವುದು ಇದಕ್ಕೇ. ಎಲ್ಲ ಠಸ್ಸೆಗಳೂ ಕೂಡಿ ಒಂದೇ ಮಾತು ಹೇಳಬೇಕು. ಆಗ ಮಾತ್ರ ವರ್ಷ ನಿಕ್ಕಿ.

ಲಂಡನ್ನಿನದು ಚಿರತೆಯ ಮುಖ ಎಂದೆ. ಬೇರೆ ಊರಿಗೆ ಬೇರೆ ಗುರುತು. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಊರಿನವರಿಗೆ 1773ರಲ್ಲಿ ಪರೀಕ್ಷಾ ಕಚೇರಿ ಸಿಕ್ಕಿತು. ಬರ್ಮಿಂಗ್‌ಹ್ಯಾಮಿಗೆ ಹಡಗಿನ ಲಂಗರು. ಆ ಊರಿಗೆ ಸಮುದ್ರವೇ ಇಲ್ಲ, ಆದರೂ ಗುರುತು ಲಂಗರು. ಶೆಫೀಲ್ಡಿಗೆ 1974ರ ವರೆಗೆ ಕಿರೀಟ, ಆಮೇಲೆ ಗುಲಾಬಿ. ಎಡಿನ್‌ಬರೋಗೆ ಮೂರು ಗೋಪುರದ ಕೋಟೆ. ಡಬ್ಲಿನ್ನಿಗೆ ಕಿರೀಟ ಹೊತ್ತ ತಂತಿವಾದ್ಯ. ನಮ್ಮ ಕಡೆ ಕಾಣಸಿಗುವ ಸಣ್ಣ ಸಾಮಾನಿನ ಮೇಲೆ ಲಂಗರು ಇದೆಯೇ ಎಂದು ಮೊದಲು ನೋಡಿ. ಪೆಟ್ಟಿಗೆ, ಗುಂಡಿ, ಸರಪಳಿ, ಗಡಿಯಾರದ ಕವಚ, ಇಂಥ ಸಣ್ಣ ಸಾಮಾನಿಗೆ ಬರ್ಮಿಂಗ್‌ಹ್ಯಾಮ್ ಹೆಸರುವಾಸಿ.

ಇಂಗ್ಲೆಂಡಿನ ಮಾತು ಇಷ್ಟಾಯಿತು. ಸಿಂಹ ಶುದ್ಧತೆಗೆ, ಊರಿಗೊಂದು ಗುರುತು, ಅಕ್ಷರ ವರ್ಷಕ್ಕೆ, ತಲೆ ಸುಂಕಕ್ಕೆ. ಈಗ ಉಳಿದ ಯುರೋಪನ್ನು ಬೇಗ ನೋಡಿ ಮುಗಿಸೋಣ. ಅಲ್ಲಿ ವರ್ಷ ಇಷ್ಟು ಖಚಿತವಾಗಿ ಸಿಗುವುದು ಕಡಿಮೆ. ಕಾಲದ ಅಂದಾಜು ಸಿಗುತ್ತದೆ.

ಅರ್ಧಚಂದ್ರ, ಪಕ್ಕಕ್ಕೆ ಕಿರೀಟ, ಜೊತೆಗೆ 800 ಎಂಬ ಅಂಕಿ ಇದ್ದರೆ ಜರ್ಮನಿಯದು, 1888 ಅಥವಾ ಅದರ ಮೇಲಿನದು. ನೂರಕ್ಕೆ 80 ಪಾಲು ಬೆಳ್ಳಿ. ಶಿರಸ್ತ್ರಾಣ ತೊಟ್ಟ ದೇವಿಯ ಮುಖ ಇದ್ದರೆ ಫ್ರಾನ್ಸಿನದು, 1838ರ ಈಚಿನದು. ಮುಖದ ಪಕ್ಕದ ಸಣ್ಣ ಅಂಕಿ 1 ಆಗಿದ್ದರೆ ನೂರಕ್ಕೆ 95 ಪಾಲು, 2 ಆಗಿದ್ದರೆ 80. ರಷ್ಯದ ಹಳೆಯ ಬೆಳ್ಳಿಯ ಮೇಲೆ 84 ಎಂದಿರುತ್ತದೆ. ಇದನ್ನು ನೂರಕ್ಕೆ 84 ಎಂದು ಓದಬೇಡಿ. ಅವರ ಲೆಕ್ಕ 96ಕ್ಕೆ. ನಮ್ಮ ಲೆಕ್ಕಕ್ಕೆ ಅದು ನೂರಕ್ಕೆ ಎಂಬತ್ತೇಳೂವರೆ ಆಗುತ್ತದೆ.

ಇನ್ನು ಹಳೆಯ ಜರ್ಮನ್ ಊರುಗಳ ಬೆಳ್ಳಿ. ಔಗ್ಸ್‌ಬರ್ಗ್ ಊರಿನದಕ್ಕೆ ಪೈನ್ ಮರದ ಕಾಯಿಯ ಗುರುತು. ಅಂಥ ಬಟ್ಟಲಿನ ಅಡಿಯಲ್ಲಿ ಒಂದು ಡೊಂಕುಡೊಂಕು ಗೀರು ಕಾಣಬಹುದು. ಬೆರಳಿನಿಂದ ಸವರಿದರೂ ತಿಳಿಯುತ್ತದೆ. ಇದು ಮಕ್ಕಳು ಮೊಳೆಯಿಂದ ಗೀಚಿದ್ದಲ್ಲ. ಪರೀಕ್ಷೆಗಾಗಿ ಚೂರು ಬೆಳ್ಳಿಯನ್ನು ಉಳಿಯಿಂದ ಕೆತ್ತಿ ತೆಗೆದ ಜಾಗ. ಉಳಿಯನ್ನು ಅತ್ತಿತ್ತ ಹೊರಳಿಸುತ್ತ ತಳ್ಳಿದ್ದರಿಂದ ಆ ಡೊಂಕು. ಎಷ್ಟೋ ಮಂದಿ ಅದನ್ನು ಕಲೆ ಎಂದು ತಿಳಿದು ತಿಕ್ಕಿ ನುಣ್ಣಗೆ ಮಾಡಿಸಿಬಿಟ್ಟಿದ್ದಾರೆ. ಹಾಗೆ ಮಾಡಿದರೆ ಪರೀಕ್ಷೆಯ ರಸೀದಿಯನ್ನೇ ಹರಿದಂತಾಯಿತು.

ಜೇಬು ಗಡಿಯಾರದ ಮಾತು ಬಂದೇ ಬರುತ್ತದೆ. ನಮ್ಮ ಮನೆಗಳಿಗೆ ಯುರೋಪಿನ ಬೆಳ್ಳಿ ಬಂದಿದ್ದರೆ ಹೆಚ್ಚಾಗಿ ಈ ರೂಪದಲ್ಲಿ. ಮುಂಬಯಿಯ ವೆಸ್ಟ್ ಎಂಡ್ ವಾಚ್ ಕಂಪನಿ ಸ್ವಿಟ್ಜರ್ಲೆಂಡಿನ ಗಡಿಯಾರಗಳನ್ನು ದೇಶಕ್ಕೆಲ್ಲ ಮಾರಿತು. ಗಡಿಯಾರದ ಹಿಂದಿನ ಮುಚ್ಚಳವನ್ನು ಉಗುರಿನಿಂದ ಮೆಲ್ಲಗೆ ತೆರೆಯಿರಿ. ಒಳಮೈ ನೋಡಿ. ಹಿಂಗಾಲಿನ ಮೇಲೆ ನಿಂತ ಕರಡಿ ಇದ್ದರೆ ಅದು ಸ್ವಿಸ್ ಬೆಳ್ಳಿ, ನೂರಕ್ಕೆ ಎಂಬತ್ತೇಳೂವರೆ ಅಥವಾ ಅದಕ್ಕಿಂತ ಮೇಲು. ಕೋಳಿಯಂಥ ಕಾಡು ಹಕ್ಕಿ ಇದ್ದರೆ ನೂರಕ್ಕೆ 80. ಮೂರು ಕರಡಿ ಇದ್ದು 0.935 ಎಂದಿದ್ದರೆ ಅದು ಬ್ರಿಟಿಷ್ ಮಾರುಕಟ್ಟೆಗಾಗಿ ಮಾಡಿದ ಮೇಲ್ತರದ ಕವಚ, 1887ರ ಬ್ರಿಟಿಷ್ ಕಾನೂನು ಬಂದ ಮೇಲಿನದು. ಪ್ರಾಣಿಯೂ ಇಲ್ಲ, ಅಂಕಿಯೂ ಇಲ್ಲ, ಬರೀ ಹೊಳಪು ಮಾತ್ರ ಇದೆ ಎಂದರೆ ಅದು ಹೆಚ್ಚಾಗಿ ನಿಕ್ಕಲ್ಲಿನ ಕವಚ.

ಇಷ್ಟು ಹೊತ್ತು ನಿಜವಾದ ಬೆಳ್ಳಿಯ ಮಾತಾಯಿತು. ಇನ್ನು ಬೆಳ್ಳಿಯಂತೆ ಕಾಣುವುದರ ಮಾತು. ಇದನ್ನು ಗಮನ ಇಟ್ಟು ಕೇಳಿ. ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ.

ಜರ್ಮನ್ ಸಿಲ್ವರ್ ಎಂಬ ಹೆಸರು ನಿಮಗೆಲ್ಲ ಗೊತ್ತು. ಆರತಿ ತಟ್ಟೆ, ಕುಂಕುಮದ ಭರಣಿ, ಮದುವೆಯ ಉಡುಗೊರೆ, ಎಲ್ಲದರಲ್ಲೂ ಅದು ಸಿಗುತ್ತದೆ. ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ. ತಾಮ್ರ, ನಿಕ್ಕಲ್ಲು, ಸತು ಸೇರಿದ ಲೋಹ ಅದು. ಇಂಗ್ಲೆಂಡಿನ ಎಲ್ಕಿಂಗ್‌ಟನ್ ಎಂಬವರು 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿಯ ನೀರು ಕೊಡುವ ವಿಧಾನಕ್ಕೆ ಪೇಟೆಂಟು ಪಡೆದರು. ಅಲ್ಲಿಂದ ಇದೇ ಲೋಹದ ಮೇಲೆ ತೆಳ್ಳಗೆ ಬೆಳ್ಳಿ ಕೂರಿಸಿದ ಸಾಮಾನು ಲೋಕಕ್ಕೆಲ್ಲ ಹರಡಿತು. ಅದರ ಬೆನ್ನಿಗೆ ‘ಇ ಪಿ ಎನ್ ಎಸ್’ ಎಂಬ ನಾಲ್ಕು ಅಕ್ಷರ ಇರುತ್ತವೆ. ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕಟ್ಟು. ದೂರದಿಂದ ನೋಡಿದರೆ ಥೇಟು ಲಂಡನ್ನಿನ ಠಸ್ಸೆಯ ಸಾಲು. ಕಿರೀಟವನ್ನೂ ಕೆಲವರು ಸೇರಿಸುತ್ತಿದ್ದರು. ನಡೆಯುವ ಸಿಂಹ ಇದೆಯೇ ಎಂದು ಹುಡುಕಿ. ಸಿಂಹ ಇಲ್ಲದಿದ್ದರೆ ಇಂಗ್ಲಿಷ್ ಬೆಳ್ಳಿ ಎಂದು ನಂಬುವ ಮೊದಲು ಬಲ್ಲವರಿಗೆ ತೋರಿಸಿ. 1697ರಿಂದ 1720ರ ವರೆಗಿನ ಬೆಳ್ಳಿಗೆ ಸಿಂಹದ ಬದಲು ಕೂತಿರುವ ಬ್ರಿಟಾನಿಯಾ ದೇವಿಯ ಚಿತ್ರ ಇರುತ್ತದೆ. ಆ ಕಾಲದಲ್ಲಿ ಜನ ನಾಣ್ಯದ ಅಂಚು ಕತ್ತರಿಸಿ ಕರಗಿಸಿ ಸಾಮಾನು ಮಾಡಿಸುತ್ತಿದ್ದರು. ಅದನ್ನು ತಡೆಯಲು ಸಾಮಾನಿನ ಬೆಳ್ಳಿಯ ಮಟ್ಟವನ್ನು ನಾಣ್ಯಕ್ಕಿಂತ ಮೇಲೆ, ನೂರಕ್ಕೆ ಸುಮಾರು 96ಕ್ಕೆ ಏರಿಸಿದ್ದರು.

ಠಸ್ಸೆ ನಿಜವಾಗಿದ್ದರೂ ವಸ್ತು ಸುಳ್ಳಾಗಿರಬಹುದು. ಹೇಗೆ ಎನ್ನುತ್ತೀರಾ? ಸುಂಕ ತಪ್ಪಿಸಲು ಕೆಲವು ಅಕ್ಕಸಾಲಿಗರು ಪುಟ್ಟ ಸಾಮಾನಿಗೆ ಠಸ್ಸೆ ಹಾಕಿಸಿಕೊಂಡು, ಆ ತುಂಡನ್ನು ಕತ್ತರಿಸಿ ದೊಡ್ಡ ಹೂಜಿಯ ಅಡಿಗೆ ಬೆಸೆಯುತ್ತಿದ್ದರು. ಆಮೇಲಿನ ಕಾಲದ ವಂಚಕರೂ ಇದೇ ಉಪಾಯ ಹಿಡಿದರು. 18ನೆಯ ಶತಮಾನದ ನಡುವಿನಲ್ಲಿ ಸುಳ್ಳು ಠಸ್ಸೆಗೆ ಇಂಗ್ಲೆಂಡಿನಲ್ಲಿ ಮರಣದಂಡನೆ ಇತ್ತು. ಆದರೂ ಅದು ನಿಲ್ಲಲಿಲ್ಲ. ಇದನ್ನು ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಠಸ್ಸೆಯ ಮೇಲೆ ಬಾಯಿಂದ ಬಿಸಿಯುಸಿರು ಬಿಡಿ. ಮಂಜು ಕವಿಯುತ್ತದೆ. ಬೆಸುಗೆ ಇದ್ದರೆ ಆ ಮಂಜಿನಲ್ಲಿ ಅದರ ಗೆರೆ ಎದ್ದು ಕಾಣುತ್ತದೆ.

ಇನ್ನೊಂದು ಮೋಸ ಎರಕದ್ದು. ಒಂದು ನಿಜವಾದ ಚಮಚದಿಂದ ಅಚ್ಚು ತೆಗೆದು ಡಜನ್ನುಗಟ್ಟಲೆ ಎರಕ ಹೊಯ್ಯುತ್ತಾರೆ. ಠಸ್ಸೆಯೂ ಎರಕದಲ್ಲೇ ಬರುತ್ತದೆ. ನಿಜವಾದ ಠಸ್ಸೆಯ ಅಂಚು ಚೂಪು, ಯಾಕೆಂದರೆ ಅದು ಸುತ್ತಿಗೆಯ ಏಟಿನಿಂದ ಮೂಡಿದ್ದು. ಎರಕದ ಠಸ್ಸೆಯ ಅಂಚು ಮೊಂಡು, ಒಳಗೆ ಸಣ್ಣ ಸಣ್ಣ ತೂತು. ಆರು ಚಮಚ ಇದ್ದು ಆರರಲ್ಲೂ ಠಸ್ಸೆ ಕೂದಲೆಳೆಯಷ್ಟೂ ಜಾಗ ಬದಲಿಸದೆ ಕೂತಿದ್ದರೆ ಅವು ಎರಕ. ಕೈಯಿಂದ ಹೊಡೆದದ್ದು ಒಂದರಲ್ಲಿ ಅತ್ತ, ಒಂದರಲ್ಲಿ ಇತ್ತ ಸರಿದಿರಲೇಬೇಕು. ಜರ್ಮನಿಯ ಹನಾವ್ ಊರಿನ ಕಸಬುದಾರರು 19ನೆಯ ಶತಮಾನದ ಕೊನೆಗೆ ಹಳೆಯ ಶೈಲಿಯ ಸಾಮಾನು ಮಾಡಿ, ಹಳೆಯ ಠಸ್ಸೆಗಳನ್ನೇ ಹೋಲುವ ಗುರುತು ಹೊಡೆದರು. ಕೆಲಸ ಚೆಂದ, ಬೆಳ್ಳಿಯೂ ನಿಜ. ಕಾಲ ಮಾತ್ರ ಸುಳ್ಳು.

ಯುರೋಪಿನವರೇ ನಮ್ಮ ನೆಲದಲ್ಲಿ ಅಂಗಡಿ ಹಾಕಿ ಮಾಡಿಸಿದ ಬೆಳ್ಳಿಯೂ ಉಂಟು. ಕಲ್ಕತ್ತೆಯಲ್ಲಿ ಹ್ಯಾಮಿಲ್ಟನ್, ಮದರಾಸಿನಲ್ಲಿ 1849ರಿಂದ ಪಿ. ಓರ್ ಅಂಡ್ ಸನ್ಸ್, ಬೆಂಗಳೂರು ದಂಡಿನ ಸೌತ್ ಪರೇಡಿನಲ್ಲಿ ಬಾರ್ಟನ್. ಇಂಗ್ಲೆಂಡಿನಲ್ಲಿದ್ದಂಥ ಪರೀಕ್ಷಾ ಕಚೇರಿ ಇಲ್ಲಿ ಇರಲಿಲ್ಲ. ಹಾಗಾಗಿ ಅವರು ತಮ್ಮ ಹೆಸರನ್ನೇ ಒತ್ತಿದರು. ಕಲ್ಕತ್ತೆಯವರು ಸಿಂಹದ ಜಾಗದಲ್ಲಿ ಆನೆಯನ್ನು ಹಾಕಿಕೊಂಡರು. ಮದರಾಸಿನ ಬೆಳ್ಳಿಯ ಮೈತುಂಬ ಉಬ್ಬುಕೆಲಸದ ದೇವರುಗಳು. ಅದನ್ನು ಸ್ವಾಮಿ ಬೆಳ್ಳಿ ಎಂದೇ ಕರೆಯುತ್ತಾರೆ. ಹೆಸರು ಓರ್ ಸಾಹೇಬರದು, ಕೈ ನಮ್ಮ ಅಕ್ಕಸಾಲಿಗರದು. ಆ ಕೈಗಳ ಹೆಸರನ್ನು ಠಸ್ಸೆ ಹೇಳುವುದಿಲ್ಲ. ಇದು ನನಗೆ ಯಾವಾಗಲೂ ನೋವಿನ ಸಂಗತಿ.

ನಮ್ಮ ಸರಕಾರದ ಗುರುತಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಭಾರತೀಯ ಮಾನಕ ಸಂಸ್ಥೆ 2000ದಲ್ಲಿ ಬಂಗಾರಕ್ಕೆ ಹಾಲ್‌ಮಾರ್ಕ್ ಆರಂಭಿಸಿತು. 2005ರಲ್ಲಿ ಬೆಳ್ಳಿಗೂ ಬಂತು. ಬಂಗಾರದ ಹಾಲ್‌ಮಾರ್ಕಿನಲ್ಲಿ ಮೊದಲು ವರ್ಷದ ಅಕ್ಷರವೂ ಇತ್ತು, ಥೇಟು ಲಂಡನ್ನಿನಂತೆ. 2000ಕ್ಕೆ ‘ಎ’, 2001ಕ್ಕೆ ‘ಬಿ’, 2008ಕ್ಕೆ ‘ಜೆ’. 2017ರಿಂದ ಅದನ್ನು ಕೈಬಿಟ್ಟರು. ಈಗ ಆರು ಅಕ್ಷರ-ಅಂಕಿಗಳ ಸಂಕೇತ ಇದೆ, ಫೋನಿನಲ್ಲಿ ಹಾಕಿ ನೋಡಬಹುದು. ಅದು ಒಳ್ಳೆಯದೇ. ಆದರೆ ಬರಿಗಣ್ಣಿಗೆ ವರ್ಷ ಹೇಳುತ್ತಿದ್ದ ಒಂದು ಅಕ್ಷರ ಹೋದದ್ದು ಮುಂದಿನ ತಲೆಮಾರಿಗೆ ನಷ್ಟ ಎಂದೇ ನನ್ನ ಎಣಿಕೆ.

ಇನ್ನು ಉಳಿದದ್ದು, ಮನೆಯಲ್ಲಿ ನೀವು ಮಾಡಬೇಕಾದದ್ದು. ವಿಭೂತಿಯಿಂದ ಬೆಳ್ಳಿ ತಿಕ್ಕುವುದು ನಮ್ಮ ರೂಢಿ. ಹೊಳಪು ಚೆನ್ನಾಗಿ ಬರುತ್ತದೆ. ಆದರೆ ಠಸ್ಸೆ ಇರುವ ಜಾಗವನ್ನು ತಿಕ್ಕಬೇಡಿ. ಪ್ರತಿ ಹಬ್ಬಕ್ಕೂ ತಿಕ್ಕುತ್ತ ಹೋದರೆ ಎರಡು ತಲೆಮಾರಿನಲ್ಲಿ ಸಿಂಹವೂ ಇಲ್ಲ, ಅಕ್ಷರವೂ ಇಲ್ಲ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಠಸ್ಸೆಯನ್ನು ನೋಡುವಾಗ ಬೆಳಕು ಮೇಲಿನಿಂದ ಬೇಡ, ಪಕ್ಕದಿಂದ ಬೀಳಲಿ. ಸವೆದ ಗೆರೆಯ ನೆರಳು ಆಗ ಏಳುತ್ತದೆ. ಭೂತಗನ್ನಡಿ ಇದ್ದರೆ ಇನ್ನೂ ಲೇಸು. ತೆಳ್ಳನೆಯ ಕಾಗದವನ್ನು ಠಸ್ಸೆಯ ಮೇಲಿಟ್ಟು ಪೆನ್ಸಿಲ್ಲಿನ ಮೊಂಡು ತುದಿಯಿಂದ ಮೆಲ್ಲಗೆ ಉಜ್ಜಿರಿ. ಗುರುತು ಕಾಗದಕ್ಕೆ ಇಳಿಯುತ್ತದೆ. ಅದನ್ನು ಮೈಸೂರಿನ, ಬೆಂಗಳೂರಿನ ಬಲ್ಲವರಿಗೆ ಕಳಿಸಬಹುದು, ವಸ್ತುವನ್ನು ಮನೆಯಿಂದ ಹೊರಗೆ ಒಯ್ಯುವ ಅಗತ್ಯ ಇಲ್ಲ.

ಕೊನೆಯದಾಗಿ ಒಂದು ವಸ್ತುವಿನ ಮಾತು ಹೇಳುತ್ತೇನೆ. ಮೊದಲ ಮಹಾಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳಿಗೆ ಬ್ರಿಟಿಷ್ ಸರಕಾರ ದುಂಡನೆಯ ಬೆಳ್ಳಿ ಪದಕ ಕೊಟ್ಟಿತು. ಒಂದು ಮೈಗೆ ಐದನೆಯ ಜಾರ್ಜನ ತಲೆ. ಇನ್ನೊಂದು ಮೈಗೆ ಕುದುರೆ ಏರಿದ ಬೆತ್ತಲೆ ಯೋಧ, 1914 ಮತ್ತು 1918 ಎಂಬ ಇಸವಿ. ಇದರ ಮುಖ್ಯ ಅಕ್ಷರ ಎರಡೂ ಮೈಗಳಲ್ಲಿ ಇಲ್ಲ. ಅಂಚಿನಲ್ಲಿದೆ. ಪದಕವನ್ನು ನಾಣ್ಯದಂತೆ ನೆಟ್ಟಗೆ ಹಿಡಿದು ಅಂಚನ್ನು ಸುತ್ತ ತಿರುಗಿಸಿ. ಸಿಪಾಯಿಯ ನಂಬರು, ಅವನ ಹೆಸರು, ಅವನ ಪಲ್ಟಣ ಅಲ್ಲಿ ಒತ್ತಿರುತ್ತದೆ. ಇಂಥ ಪದಕಗಳು ಬೆಳ್ಳಿಯ ದರ ಏರಿದಾಗಲೆಲ್ಲ ಲೆಕ್ಕವಿಲ್ಲದಷ್ಟು ಕರಗಿವೆ. ನಿಮ್ಮ ಮನೆಯ ಟ್ರಂಕಿನಲ್ಲಿ ಒಂದು ಉಳಿದಿದ್ದರೆ, ತೂಗುವ ಮೊದಲು ಅಂಚನ್ನು ಓದಿರಿ. ಓದಿದ್ದನ್ನು ಹಾಗೆಯೇ ಒಂದು ವಹಿಯಲ್ಲಿ ಬರೆದಿಡಿ.